ನಾಲ್ಕನೆಯ ಚಿತ್ರ

೧೬ ಜನವರಿ ೧೯೭೮, ಅಬರ್ಡೀನ್

ಪ್ರಯೋಗಾಲಯದ ಪುಸ್ತಕದ ಅಂಚಿನಲ್ಲಿ ನಾನು ‘ಎಷ್ಟು ಚೆಂದ!’ ಎಂದು ಗೀಚಿದ್ದು ಡಾ. ಲೀಪರ್ ಅವರ ಕಣ್ಣಿಗೆ ಬಿತ್ತು. “ರೋನಾ, ಕಂಡದ್ದನ್ನ ಇಲ್ಲಿ ಬರಿ. ಅನಿಸಿದ್ದನ್ನ ಮನೇಲಿ ಬರ್ಕೋ” ಎಂದು ನಕ್ಕರು. ಅದಕ್ಕೇ ಯೂನಿಯನ್ ಸ್ಟ್ರೀಟಿನಲ್ಲಿ ಈ ನೋಟುಪುಸ್ತಕ ಕೊಂಡೆ. ಯಾರಿಗೂ ತೋರಿಸಬೇಕಾದ್ದಲ್ಲ.

ಚೆಂದ ಎಂದಿದ್ದು ಇಲಿಯ ಮಿದುಳಿನ ಒಂದು ಪದರವನ್ನು. ಹೆಪ್ಪುಗಟ್ಟಿಸಿದ ಮಿದುಳನ್ನು ನಾನು ಕೂದಲಿಗಿಂತ ತೆಳುವಾಗಿ ಸೀಳುತ್ತೇನೆ. ಅದರ ಮೇಲೆ ಮೊಲದ ರಕ್ತದಿಂದ ತೆಗೆದ ಸೀರಮ್ ಹಾಕಿ, ಬಣ್ಣ ಕೂಡಿಸಿ, ಸೂಕ್ಷ್ಮದರ್ಶಕದಲ್ಲಿಟ್ಟರೆ ನಾವು ಹುಡುಕುವ ವಸ್ತು ಇದ್ದಲ್ಲೆಲ್ಲ ಹಸಿರಾಗಿ ಹೊಳೆಯುತ್ತದೆ. ನಾವು ಹುಡುಕುವುದು ಮಿದುಳು ತಾನೇ ತಯಾರಿಸಿಕೊಳ್ಳುವ ಅಫೀಮನ್ನು. ಮೂರು ವರ್ಷದ ಹಿಂದೆ ಅದನ್ನು ಮೊದಲು ಬೇರ್ಪಡಿಸಿದ್ದು ಇದೇ ಊರಿನಲ್ಲಿ, ಇನ್ನೊಂದು ತುದಿಯಲ್ಲಿ, ಹಂದಿಯ ಮಿದುಳಿನಿಂದ. ಅದು ಐದೇ ಕೊಂಡಿಯ ಸಣ್ಣ ಸರಪಳಿ: ಎನ್‌ಕೆಫಲಿನ್. ಆಮೇಲೆ ಮೂವತ್ತೊಂದು ಕೊಂಡಿಯ ದೊಡ್ಡದೂ ಸಿಕ್ಕಿತು: ಎಂಡಾರ್ಫಿನ್. ದೊಡ್ಡದರ ಮೊದಲ ಐದು ಕೊಂಡಿಗಳೇ ಸಣ್ಣದು. ಹಾಗಾಗಿ ಮಿದುಳು ದೊಡ್ಡದನ್ನು ಕೂಡಿಟ್ಟುಕೊಂಡು, ಬೇಕಾದಾಗ ಕತ್ತರಿಸಿ ಸಣ್ಣದನ್ನು ಮಾಡಿಕೊಳ್ಳುತ್ತದೆ ಎಂಬುದು ಡಾ. ಲೀಪರ್ ಅವರ ಸಿದ್ಧಾಂತ. ಎಲ್ಲಿ ಕತ್ತರಿಸುತ್ತದೆ ಎಂದು ನಕ್ಷೆ ಮಾಡುವುದು ನನ್ನ ಕೆಲಸ.

ಹದಿನೈದಕ್ಕೆ ಶಾಲೆ ಬಿಟ್ಟ, ಮೀನುಗಾರರ ಟೋರಿ ಕೇರಿಯವಳು ನಾನು. ಹದಿನಾಲ್ಕು ವರ್ಷದ ಹಿಂದೆ ಗಾಜು ತೊಳೆಯಲು ಬಂದವಳ ಕೈಗೆ ಅಲಗು ಕೊಟ್ಟು ಕಲಿಸಿದವರು ಅವರು. “ನಿನ್ನ ಕೈಯನ್ನ ನನ್ನ ಕಣ್ಣಿಗಿಂತ ಹೆಚ್ಚು ನಂಬ್ತೀನಿ” ಎಂದು ಇವತ್ತು ಮತ್ತೆ ಹೇಳಿದರು.

ಅಮ್ಮನಿಗೆ ಹೇಳಿದೆ. ಅವಳು ಇಂಗ್ಲೆಂಡಿನ ಯಾರ್ಮತ್ ಬಂದರಿನವರೆಗೂ ದೋಣಿಗಳ ಹಿಂದೆ ಹೋಗಿ ಹೆರಿಂಗ್ ಮೀನು ಸೀಳಿ ಬದುಕಿದವಳು. “ಕೈ ಹೊಗಳೋ ಗಂಡಸಿನ ಹತ್ರ ಹುಷಾರಾಗಿರು, ಮಗಳೇ. ಕೆಲಸ ಜಾಸ್ತಿ ಹೇಳ್ತಾನೆ” ಎಂದಳು.

೯ ಫೆಬ್ರವರಿ

ಏನೋ ಹೊಂದುತ್ತಿಲ್ಲ.

ಅಕ್ಕಪಕ್ಕದ ಎರಡು ಪದರ ತೆಗೆದುಕೊಂಡು ಒಂದಕ್ಕೆ ಸಣ್ಣದನ್ನು ಹುಡುಕುವ ಸೀರಮ್, ಇನ್ನೊಂದಕ್ಕೆ ದೊಡ್ಡದನ್ನು ಹುಡುಕುವುದು ಹಾಕಿದೆ. ಸಣ್ಣದು ಮಿದುಳಿನ ತುಂಬ ಚೆಲ್ಲಾಡಿದೆ. ದೊಡ್ಡದರ ಜೀವಕೋಶಗಳು ಮಿದುಳಿನ ತಳದಲ್ಲಿ ಒಂದೇ ಒಂದು ಸಣ್ಣ ಗುಂಪಾಗಿ ಕೂತಿವೆ, ಅಷ್ಟೆ. ಅಲ್ಲಿಂದ ಎಳೆಗಳು ಹೊರಟು ದೂರ ಹೋಗುತ್ತವೆ. ದೊಡ್ಡದನ್ನು ಕತ್ತರಿಸಿ ಸಣ್ಣದು ಮಾಡುವುದಾದರೆ ಎರಡೂ ಒಂದೇ ಕೋಶದಲ್ಲಿ ಕಾಣಬೇಕು. ಆರು ಇಲಿ ನೋಡಿದೆ. ಒಂದು ಕೋಶದಲ್ಲೂ ಇಲ್ಲ.

ನಾನೇ ತಪ್ಪಿರಬೇಕು. ಯಾರಿಗೂ ಹೇಳಿಲ್ಲ.

೧೪ ಮಾರ್ಚ್

ಹನ್ನೊಂದು ಇಲಿ ಆದ ಮೇಲೆ ಹೇಳಿದೆ. ಡಾ. ಲೀಪರ್ ಕನ್ನಡಕ ಹಣೆಗೇರಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ತುಂಬ ಹೊತ್ತು ನೋಡಿದರು. ಎದ್ದಾಗ ಮುಖ ಬೂದಿಯಾಗಿತ್ತು.

“ಸೀರಮ್ ಸುಳ್ಳು ಹೇಳ್ತಿದೆ.”

“ಎರಡು ಬೇರೆ ಬೇರೆ ಮೊಲದ್ದು ಹಾಕಿ ನೋಡ್ದೆ ಡಾಕ್ಟ್ರೇ. ಅವೇ ಜಾಗ, ಅದೇ ಹೊಳಪು. ಎರಡಕ್ಕೂ ತಾಯಿ ಸರಪಳಿ ಬೇರೆ ಬೇರೆ ಇರಬಹುದಾ ಅಂತ…”

“ರೋನಾ, ನಿನ್ನ ಕಣ್ಣು ದಣಿದಿದೆ. ಒಂದು ವಾರ ರಜ ಹಾಕು.”

ಗದರಿದ್ದರೆ ಚೆನ್ನಾಗಿತ್ತು. ಮೃದುವಾಗಿ ಹೇಳಿದರು. ಮನೆಗೆ ಬಂದು ಕನ್ನಡಿಯಲ್ಲಿ ಕಣ್ಣು ನೋಡಿಕೊಂಡೆ.

೪ ಏಪ್ರಿಲ್

ರಜ ಹಾಕಲಿಲ್ಲ. ಪ್ರತಿ ಸೀರಮ್ಮನ್ನೂ ಪರೀಕ್ಷೆಗೆ ಹಚ್ಚಿದೆ. ಅದು ಹುಡುಕುವ ಸರಪಳಿಯನ್ನು ಮೊದಲೇ ಬೆರೆಸಿ ಅದರ ಹಸಿವು ತೀರಿಸಿಬಿಡಬೇಕು. ಆಮೇಲೆ ಪದರದ ಮೇಲೆ ಹಾಕಿದರೆ ಹೊಳಪು ಬರಬಾರದು. ನನ್ನ ಎರಡು ಮುಖ್ಯ ಸೀರಮ್‌ಗಳೂ ಗೆದ್ದವು. ಸೋತದ್ದು ಒಂದೇ: ಏಳನೆಯ ಮೊಲದಿಂದ ಮೂರನೆಯ ಸಲ ತೆಗೆದದ್ದು. ಸಣ್ಣದಕ್ಕೆಂದು ಬೆಳೆಸಿದ ಅದು ದೊಡ್ಡದನ್ನೂ ಹಿಡಿಯುತ್ತಿತ್ತು. ಅದನ್ನು ಹಾಕಿದರೆ ತಳದ ಗುಂಪಿನಲ್ಲಿ ಎರಡೂ ಒಟ್ಟಿಗೆ ಇರುವಂತೆ ಕಾಣುತ್ತದೆ, ಶುದ್ಧ ಮೋಸ. ಎಲ್ಲದರ ಹಾಗೆ ಅದರ ಫೋಟೊವನ್ನೂ ತೆಗೆದು, ಪುಸ್ತಕದಲ್ಲಿ ಕಾರಣ ಬರೆದು, ಗಾಜಿಗೆ ಕೆಂಪು ಚುಕ್ಕೆ ಇಟ್ಟು ಕೈಬಿಟ್ಟೆ.

ಪ್ರಾಣಿಮನೆ ನೋಡಿಕೊಳ್ಳುವ ನೆಟ್ಟಾ ಮಚ್‌ಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. “ಏಳನೇದು ಹುಟ್ಟಿದಾಗಿಂದ ಹಾಗೇ ಕಣೇ. ಯಾರು ಎಲೆಕೋಸು ಹಿಡಿದ್ರೂ ಅವರನ್ನೇ ಯಜಮಾನ ಅಂದ್ಕೊಳ್ಳುತ್ತೆ.”

೭ ಏಪ್ರಿಲ್

ಪರೀಕ್ಷೆಯ ಫಲ ಅವರ ಮೇಜಿನ ಮೇಲಿಟ್ಟೆ. “ಸದ್ಯಕ್ಕೆ ಬದಿಗಿಡು” ಎಂದರು. ತಲೆ ಎತ್ತಲಿಲ್ಲ.

೧೯ ಮೇ

ಒಳ್ಳೆಯ ದಿನ! ಡಾ. ಲೀಪರ್ ತಾವಾಗಿಯೇ ನನ್ನ ಕೋಣೆಗೆ ಬಂದು ನೆಗೆಟಿವ್‌ಗಳ ಪೆಟ್ಟಿಗೆ ಪೂರ್ತಿ ಕೇಳಿ ಒಯ್ದರು. “ವಾರದ ಕೊನೇಲಿ ಸಮಾಧಾನವಾಗಿ ನೋಡ್ತೀನಿ.” ನೋಡಿದರೆ ಸಾಕು, ಒಪ್ಪಿಯೇ ಒಪ್ಪುತ್ತಾರೆ. ನೆಟ್ಟಾಗೆ ರೋವಿ ಬ್ರೆಡ್ಡು ಬೆಣ್ಣೆ ತಿನ್ನಿಸಿದೆ. “ಏನೇ ಇದು, ಮದುವೆ ಗೊತ್ತಾಯ್ತಾ?” ಎಂದಳು. ನನಗೆ ಮೂವತ್ತೊಂಬತ್ತು. ಇಬ್ಬರೂ ನಕ್ಕೆವು.

೩೦ ಜೂನ್

ಸ್ವೀಡನ್ನಿನ ಸಮ್ಮೇಳನದಿಂದ ವಾಪಸು ಬಂದಿದ್ದಾರೆ. ನನಗೆಂದು ಶುಂಠಿ ಬಿಸ್ಕತ್ತಿನ ಡಬ್ಬ ತಂದಿದ್ದಾರೆ. ನಕ್ಷೆಯ ಬಗ್ಗೆ ಕೇಳಿದೆ. “ಮಾತಾಡೋಣ, ಮಾತಾಡೋಣ.”

೨೩ ಆಗಸ್ಟ್

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಸ್ವೀಡನ್ನಿನಿಂದ ಡಾ. ಸೊಲ್ವೆ ಎಂಬ ಹೆಂಗಸು ನಮ್ಮ ಸಂಸ್ಥೆ ನೋಡಲು ಬಂದಿದ್ದರು. ಡಾ. ಲೀಪರ್ ಫೋನಿಗೆ ಹೋದಾಗ ನನ್ನ ಕೋಣೆಗೆ ಬಂದರು. ಬೆಳಕಿನಲ್ಲಿಟ್ಟಿದ್ದ ಒಂದು ಫೋಟೊ ನೋಡಿ ಮುಖ ಅರಳಿತು.

“ಓ, ಇದೇ ಅಲ್ವಾ! ಜೂನ್‌ನಲ್ಲಿ ಡಾ. ಲೀಪರ್ ತೋರಿಸಿದ್ರಲ್ಲ. ಸಭೆ ಪೂರ್ತಿ ಎದ್ದು ನಿಂತು ಚಪ್ಪಾಳೆ ಹೊಡೀತು. ಎರಡೂ ಬೇರೆ ಬೇರೆ ತಾಯಿಯ ಮಕ್ಕಳು ಅಂತ ಅವರಿಗೆ ಮೊದಲಿಂದಲೂ ಅನುಮಾನ ಇತ್ತಂತೆ. ಇಷ್ಟು ಚೆನ್ನಾಗಿ ಸೀಳಿದ್ದು ಯಾರು?”

“ನಾನೇ” ಎಂದೆ.

“ಹೌದಾ? ಹೆಸರು ಹೇಳಲೇ ಇಲ್ಲ ಅವರು. ಲೇಖನ ಪ್ರಕಟಣೆಗೆ ಹೋಗಿದೆ ಅಂದ್ರು, ನಿಮಗೆ ಗೊತ್ತೇ ಇರುತ್ತೆ.”

ಗೊತ್ತಿದೆ ಎಂದೆ. ಯಾಕೆ ಹಾಗೆಂದೆನೋ. ಡಾ. ಲೀಪರ್ ಅವರ ಮಾನ ಉಳಿಸಲೋ, ನನ್ನದೋ.

೧೨ ಸೆಪ್ಟೆಂಬರ್

ಮೂರು ವಾರ ಬೇಕಾಯಿತು ಬಾಯಿ ಬಿಡಲು.

“ಲೇಖನದಲ್ಲಿ ನನ್ನ ಹೆಸರು ಇದೆಯಾ ಡಾಕ್ಟ್ರೇ?”

“ಇದೆಯಲ್ಲ! ಕೊನೇಲಿ ಕೃತಜ್ಞತೆ ಹೇಳಿದ್ದೀನಿ. ಟೆಕ್ನಿಷಿಯನ್‌ಗಳ ಹೆಸರು ಮೇಲೆ ಹಾಕೋ ಪದ್ಧತಿ ಇಲ್ಲ ರೋನಾ, ನಿನಗೇ ಗೊತ್ತು. ನಾನು ಮಾಡಿದ ಪದ್ಧತಿ ಅಲ್ಲ ಅದು.”

“ನಾನು ಹೇಳಿದಾಗ ನೀವು ಒಪ್ಪಿರಲಿಲ್ಲ.”

“ನೀನು ಕಂಡಿದ್ದೆ. ಅದರ ಅರ್ಥ ತಿಳಿಯೋದು ಬೇರೆ ಕೆಲಸ.” ಹೆಗಲು ತಟ್ಟಿದರು.

ತಾಯಿ ಬೇರೆ ಎಂದವಳು ನಾನು. ಆ ಮಾತನ್ನು ಪುಸ್ತಕದಲ್ಲಿ ಬರೆದಿರಲಿಲ್ಲ. ಅನಿಸಿದ್ದನ್ನು ಮನೆಯಲ್ಲಿ ಬರೆದುಕೊಳ್ಳಲು ಹೇಳಿದ್ದರಲ್ಲ.

೧೩ ಸೆಪ್ಟೆಂಬರ್

ಕಚೇರಿಯಿಂದ ಕರೆ ಬಂತು. ವರ್ಷದ ವರದಿಗೆ ಸಹಿ ಬೇಕಂತೆ. ಓದಿದೆ. ‘ಇತ್ತೀಚೆಗೆ ಈಕೆಯ ಕೆಲಸದಲ್ಲಿ ನಿಖರತೆ ಕುಂದಿದೆ, ಫಲಿತಾಂಶಗಳನ್ನು ನಂಬುವಂತಿಲ್ಲ, ಹಗುರ ಕೆಲಸಕ್ಕೆ ಬದಲಿಸಬಹುದು.’ ಕೆಳಗೆ ಲೀಪರ್ ಸಹಿ. ತಾರೀಕು ಏಪ್ರಿಲ್ ಹತ್ತು.

ನಂಬುವಂತಿಲ್ಲದ ಫಲಿತಾಂಶ ಹೊತ್ತು ಜೂನ್‌ನಲ್ಲಿ ಚಪ್ಪಾಳೆ ಹೊಡೆಸಿಕೊಂಡು ಬಂದ. ಬಂದವನು ಈ ಕಾಗದ ಹಿಂದಕ್ಕೆ ಪಡೆಯಲಿಲ್ಲ. ನನಗೆ ಬಿಸ್ಕತ್ತು ಕೊಟ್ಟ.

ಹೊಸ ವರ್ಷದಿಂದ ನಾನು ಗಾಜು ತೊಳೆಯುವ ಕೋಣೆಗೆ. ಅಮ್ಮ ಕೇಳಿ ಕೆಂಡವಾದಳು. “ನಮ್ಮ ಕಾಲದಲ್ಲಿ ಹೀಗೆ ಮಾಡಿದೋನ ಬೂಟಿನೊಳಗೆ ಮೀನಿನ ಕರುಳು ತುಂಬ್ತಿದ್ವಿ. ನೀನು ಸಹಿ ಹಾಕಿ ಬಂದ್ಯಾ?”

ಹಾಕಿ ಬಂದೆ.

೫ ಅಕ್ಟೋಬರ್

ಲೀಪರ್ ಕರಡಚ್ಚು ತಂದು ಕೊಟ್ಟ. “ಚಿತ್ರಗಳ ಮೂಲೇಲಿರೋ ಅಳತೆಗೆರೆ ಸರಿ ಇದೆಯಾ ನೋಡ್ಕೊಡು.” ಒಟ್ಟು ಆರು ಚಿತ್ರ, ಎಲ್ಲ ನನ್ನವೇ. ನಾಲ್ಕನೆಯದು ಏಳನೆಯ ಮೊಲದ್ದು, ಕೆಂಪು ಚುಕ್ಕೆಯದ್ದು. ಅದರ ಕೆಳಗೆ ಬರೆದಿದ್ದಾನೆ: ತಳದ ಒಂದು ಗುಂಪಿನಲ್ಲಿ ಮಾತ್ರ ಎರಡೂ ಒಟ್ಟಿಗಿವೆ, ಅಲ್ಲಿ ದೊಡ್ಡದನ್ನು ಕತ್ತರಿಸಿ ಸಣ್ಣದು ಮಾಡಿಕೊಳ್ಳುತ್ತಿರಬೇಕು. ಹಳೆಯ ಸಿದ್ಧಾಂತದ ಒಂದು ತುಣುಕನ್ನು ಉಳಿಸಿಕೊಳ್ಳಲು ನನ್ನ ಕಸದಬುಟ್ಟಿಗೆ ಕೈ ಹಾಕಿದ್ದಾನೆ. ಪ್ರಯೋಗಾಲಯದ ಪುಸ್ತಕದಲ್ಲಿ ನಾನು ಕಾರಣ ಬರೆದ ಎಂಬತ್ತೆಂಟನೆಯ ಪುಟ ಓದಿದ್ದರೆ ತಿಳಿಯುತ್ತಿತ್ತು. ಓದಿಲ್ಲ.

ಅಳತೆಗೆರೆ ಸರಿ ಇವೆ ಎಂದು ಹೇಳಿ ಕೊಟ್ಟೆ. ಸರಿಯಾಗೇ ಇದ್ದವು.

ಬರುವಾಗ ಹೊಗೆಯಾಡಿಸಿದ ಹ್ಯಾಡಕ್ ಮೀನು ತಂದೆ. ಅಮ್ಮ ಹಾಲು, ಆಲೂಗಡ್ಡೆ ಹಾಕಿ ಸಾರು ಮಾಡಿದಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

೨೭ ನವೆಂಬರ್

ಲೇಖನ ಅಚ್ಚಾಗಿ ಬಂತು. ಚಹಾದ ಕೋಣೆಯಲ್ಲಿ ಎಲ್ಲರೂ ಕೈ ಕುಲುಕಿದರು. ನಾನೂ ಕುಲುಕಿದೆ. ಕೈ ಬೆಚ್ಚಗಿತ್ತು ಅವನದು. ಇನ್ನೊಬ್ಬರು ಮಾಡಿ ನೋಡುವವರೆಗೂ ಬೆಚ್ಚಗಿರಲಿ.

೨೫ ಜನವರಿ ೧೯೭೯

ಲಾರಿ ಮುಷ್ಕರ, ಮೊಣಕಾಲುದ್ದ ಹಿಮ. ತೊಳೆಯುವ ಕೋಣೆಯಲ್ಲಿ ಬಿಸಿನೀರಾದರೂ ಇದೆ. ಹದಿನೈದು ವರ್ಷದ ಹಿಂದೆ ನಿಂತಿದ್ದ ತೊಟ್ಟಿಯೇ.

ನೆಟ್ಟಾ ಲೇಖನ ಹಿಡಿದು ಬಂದಳು. ಓದುವವಳಲ್ಲ, ತನ್ನ ಮೊಲಗಳ ಸುದ್ದಿ ಇದೆಯೇ ಎಂದು ನೋಡಿದ್ದಾಳೆ.

“ರೋನಾ, ಇಲ್ಲಿ ನಾಲ್ಕನೇ ಚಿತ್ರಕ್ಕೆ ಏಳನೇ ಮೊಲ ಅಂತಿದೆ. ಅದು ಬೇಡ ಅಂದಿದ್ದೆ ತಾನೇ ನೀನು? ಎಲೆಕೋಸಿನ ಮಾತು ಆಡಿದ್ವಲ್ಲ.”

“ನಿನಗೆ ಮೊಲಕ್ಕೆ ಹುಲ್ಲು ಹಾಕೋದು ಗೊತ್ತು ನೆಟ್ಟಾ. ಚಿತ್ರ ಓದೋದು ಬೇರೆ ಕೆಲಸ. ನಿನ್ನ ಕಣ್ಣು ದಣಿದಿದೆ, ಹೋಗು.”

ಯಾಕೋ ಚಹಾ ಕುಡಿಯದೆ ಹೋದಳು. ಚಳಿಗೆ ಎಲ್ಲರಿಗೂ ಮೂಗಿನ ತುದಿಯಲ್ಲೇ ಕೋಪ.

೨೦ ಫೆಬ್ರವರಿ

ಡಾ. ಸೊಲ್ವೆಯವರಿಂದ ಕಾಗದ, ನನ್ನ ಹೆಸರಿಗೇ. ಸೀಳಿದವಳು ನಾನು ಎಂದು ನೆನಪಿಟ್ಟುಕೊಂಡಿದ್ದಾರೆ.

‘ನಾಲ್ಕನೆಯ ಚಿತ್ರದ ಕೋಶಗಳು ನಮಗೆ ಸಿಗುತ್ತಿಲ್ಲ. ನಮ್ಮ ಟೆಕ್ನಿಷಿಯನ್ ಗುನ್ವೋರ್ ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದಾಳೆ. ಮೂರು ತಿಂಗಳಿಂದ ಮಾಡಿಸುತ್ತಿದ್ದೇನೆ. ನಾಲ್ಕು ಸಲ ಮೊದಲಿನಿಂದ ಶುರು ಮಾಡಿಸಿದೆ. ಅವಳ ಕೈ ಮೊದಲಿನ ಹಾಗಿಲ್ಲವೇನೋ ಎಂದು ಹೇಳಿಬಿಟ್ಟೆ. ಅವಳೂ ಈಗ ಹಾಗೇ ನಂಬಿದ್ದಾಳೆ. ಕೆಲಸ ಬಿಡುತ್ತೇನೆ ಎನ್ನುತ್ತಾಳೆ. ನೀವು ಹೇಗೆ ಮಾಡಿದಿರಿ ತಿಳಿಸಬಲ್ಲಿರಾ?’

ನಾನು ಎಣಿಸಿದ್ದು ಲೀಪರ್‌ನ ಮುಖವನ್ನು ಮಾತ್ರ. ಅವನ ಕೆಳಗೆ ನೆಲ ಕುಸಿಯುವುದನ್ನು ನೋಡಲು ಕಾದೆ. ಕುಸಿದದ್ದು ಯಾರ ಕೆಳಗೆ! ನಾನು ಮುಖ ನೋಡದ ಒಬ್ಬ ಹೆಂಗಸು ಕನ್ನಡಿ ಮುಂದೆ ನಿಂತು ಕಣ್ಣು ನೋಡಿಕೊಂಡಿರಬೇಕು.

೨೧ ಫೆಬ್ರವರಿ

ಬೆಳಿಗ್ಗೆಯೇ ಅವನ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಕೈ ಒದ್ದೆ ಇತ್ತು, ಏಪ್ರನ್‌ಗೆ ಒರೆಸಿಕೊಂಡೆ.

“ನಾಲ್ಕನೇ ಚಿತ್ರ ಸುಳ್ಳು. ಆ ಸೀರಮ್ ಎರಡನ್ನೂ ಹಿಡಿಯುತ್ತೆ. ಪುಸ್ತಕದಲ್ಲಿ ಬರೆದಿದ್ದೀನಿ.”

ಪುಟ ತೆರೆದಿಟ್ಟೆ. ಓದಿದ. ಎರಡನೆಯ ಸಲ ಓದಿದ.

“ಕರಡಚ್ಚು ನೀನೇ ನೋಡಿದ್ದೆ.”

“ನೋಡಿದ್ದೆ.”

“ಗೊತ್ತಿದ್ದೂ ಸುಮ್ಮನಿದ್ಯಾ?”

“ಗೊತ್ತಿದ್ದೂ ಸುಮ್ಮನಿದ್ದೆ. ನೀವು ಕೇಳಿದ್ದು ಅಳತೆಗೆರೆ ಮಾತ್ರ.”

ಬೈಯುತ್ತಾನೆ ಎಂದುಕೊಂಡಿದ್ದೆ. ಕುರ್ಚಿಯಲ್ಲಿ ಕುಗ್ಗಿಹೋದ. “ಏಪ್ರಿಲ್‌ನಲ್ಲಿ ನನಗೆ ಭಯವಾಗಿತ್ತು ರೋನಾ. ಎರಡು ವರ್ಷ ಊರೂರಿಗೆ ಹೋಗಿ ಹೇಳಿದ ಮಾತು ನೀನು ಒಂದು ಗಾಜಿನ ಮೇಲಿಟ್ಟು ತಂದು ಸುಳ್ಳು ಅಂದೆ. ನಿನ್ನ ಕೈ ಸರಿಯಿಲ್ಲ ಅಂದ್ಕೊಂಡ್ರೆ ನಿದ್ದೆ ಬರ್ತಿತ್ತು. ಆ ವರದಿ… ಆಮೇಲೆ ವಾಪಸು ತಗೊಳ್ಳೋಕೆ ನಾಚಿಕೆ ಆಯ್ತು.”

“ಈಗ ತಿದ್ದುಪಡಿ ಬರೀರಿ.”

“ಜೂನ್ ಕಳೀಲಿ. ಹೊಸ ಅನುದಾನದ ತೀರ್ಮಾನ ಆಗೋವರೆಗೂ. ಆಮೇಲೆ ನಿನ್ನ ಜಾಗಕ್ಕೆ ನಿನ್ನನ್ನ ವಾಪಸು ಕರ್ಕೋತೀನಿ. ಮುಂದಿನ ಲೇಖನದಲ್ಲಿ ನಿನ್ನ ಹೆಸರು ಮೇಲೆ, ನನ್ನ ಹೆಸರಿನ ಪಕ್ಕದಲ್ಲಿ. ಮಾತು ಕೊಡ್ತೀನಿ.”

ಸುಳ್ಳು ಯಾಕೆ ಬರೆಯಲಿ: ಆಸೆಯಾಯಿತು. ಅಲಗಿನ ಮುಂದೆ ಕೂತು, ಆ ಹಸಿರು ಹೊಳಪನ್ನು ಮತ್ತೆ ನೋಡಬೇಕೆಂದು ಮೈಯೆಲ್ಲ ಹಂಬಲಿಸಿತು. ಜೂನ್‌ಗೆ ನಾಲ್ಕೇ ತಿಂಗಳು.

“ಸ್ವೀಡನ್ನಿನಲ್ಲಿ ಒಬ್ಬಳು ಈಗಲೇ ಕೆಲಸ ಬಿಡ್ತೀನಿ ಅಂತಿದ್ದಾಳೆ” ಎಂದೆ.

“ಯಾರವಳು?”

“ಟೆಕ್ನಿಷಿಯನ್.”

ನಾನು ಪುಸ್ತಕ ಮುಚ್ಚಿ ಎತ್ತಿಕೊಂಡು ಬಂದೆ.

ಮಧ್ಯಾಹ್ನ ಗುನ್ವೋರ್‌ಗೇ ನೇರವಾಗಿ ಬರೆದೆ. ‘ನಿಮ್ಮ ಕೈ ಸರಿಯಾಗಿದೆ. ನಾಲ್ಕನೆಯ ಚಿತ್ರ ತಪ್ಪು. ಅಚ್ಚಿಗೆ ಮೊದಲೇ, ಅಕ್ಟೋಬರ್‌ನಲ್ಲೇ ನನಗೆ ಗೊತ್ತಿತ್ತು, ಹೇಳಲಿಲ್ಲ.’ ಎಂಬತ್ತೆಂಟನೆಯ ಪುಟದ ಪ್ರತಿ ಮಾಡಿಸಿ ಜೊತೆಗಿಟ್ಟೆ. ಅಂಚೆಗೆ ಹಾಕಿದ ಮೇಲೆ ಪ್ರಾಣಿಮನೆಗೆ ಹೋದೆ. ನೆಟ್ಟಾ ಗೂಡು ಗುಡಿಸುತ್ತಿದ್ದಳು, ತಿರುಗಿ ನೋಡಲಿಲ್ಲ.

“ನೀನು ಹೇಳಿದ್ದು ಸರಿ ಇತ್ತು ನೆಟ್ಟಾ. ನಾನು ಆವತ್ತು ಆಡಿದ ಮಾತು…”

“ಲೀಪರ್ ಥರ ಆಡಿದೆ ಕಣೇ. ಅದೇ ಸ್ವರ. ಮನೆಗೆ ಹೋಗಿ ಅತ್ತೆ.”

ಇನ್ನೊಂದು ಪೊರಕೆ ತಗೊಂಡು ಪಕ್ಕದ ಗೂಡು ಗುಡಿಸಿದೆ. ಬೇಡ ಎನ್ನಲಿಲ್ಲ.

೧೪ ಮಾರ್ಚ್

ಲೀಪರ್ ಎದುರು ಸಿಕ್ಕರೆ ಗೋಡೆ ನೋಡುತ್ತಾರೆ. ಜಾಗ ವಾಪಸು ಕೊಡುವ ಮಾತು ಮುಗಿದ ಹಾಗೆ. ಗುನ್ವೋರ್‌ಳಿಂದ ಇವತ್ತು ಉತ್ತರ ಬಂತು. ಅವಳ ಇಂಗ್ಲಿಷು ತಡವರಿಸುತ್ತದೆ, ಅರ್ಥ ತಡವರಿಸುವುದಿಲ್ಲ.

‘ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಮೂರು ತಿಂಗಳು ನಾನು ನನ್ನನ್ನೇ ದ್ವೇಷಿಸಿದೆ. ನಿಮಗೆ ಅಕ್ಟೋಬರ್‌ನಿಂದಲೇ ಗೊತ್ತಿತ್ತು. ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ರಾಜೀನಾಮೆ ಮಾತ್ರ ಹರಿದು ಹಾಕಿದೆ. ಆಮೇಲೆ ಆ ಲೇಖನದಲ್ಲಿ ನಿಮ್ಮ ಹೆಸರು ಹುಡುಕಿದೆ. ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಸಿಕ್ಕಿತು. ನನ್ನದೂ ಯಾವಾಗಲೂ ಅಲ್ಲೇ ಇರುತ್ತದೆ.

‘ಪತ್ರಿಕೆಗೆ ತಿದ್ದುಪಡಿ ಹೋಗಲೇಬೇಕು. ನಿಮ್ಮ ಪುಟ, ನನ್ನ ನಾಲ್ಕು ಸಲದ ಪದರಗಳು, ಎರಡೂ ಸೇರಿದರೆ ಸಾಕು. ನಾವಿಬ್ಬರೇ ಸಹಿ ಹಾಕಬಹುದು ಎಂದು ಡಾ. ಸೊಲ್ವೆ ಒಪ್ಪಿದ್ದಾರೆ. ನನಗೆ ಇದರ ಅಭ್ಯಾಸವಿಲ್ಲ. ಯಾರ ಹೆಸರು ಮೊದಲು ಹಾಕುವುದು, ನೀವೇ ಹೇಳಿ.’

ಅಮ್ಮನಿಗೆ ಓದಿ ಹೇಳಿದೆ. “ನಿನ್ನದೇ ಮೊದಲು, ಮತ್ತೆ ಯಾರದು?” ಎಂದು ಮೇಜು ಗುದ್ದಿದಳು. ಚಹಾ ಆರುವವರೆಗೂ ಕಾಗದದ ಮುಂದೆ ಕೂತೆ. ಹದಿನೈದು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರದ ಪ್ರಶ್ನೆ ಅದು.

‘ನಿಮ್ಮದು’ ಎಂದು ಬರೆದು ಲಕೋಟೆ ಅಂಟಿಸಿದೆ.